ಕೆಳಗಿನ ಹೊಲದ ಸೊಪ್ಪು ಇನ್ನು ಬರುವುದಿಲ್ಲ

ನಮ್ಮ ಗ್ರಾಹಕರಿಗೆ ನಮಸ್ಕಾರ.

ಬೈರಮಂಗಲ ಕೆರೆ ಕಾಲುವೆ ಪಕ್ಕದ ಹೊಲಗಳಲ್ಲಿ ಪಾಲಕ್, ದಂಟು, ಕೊತ್ತಂಬರಿ ಬೆಳೆಯುವುದನ್ನು ನಮ್ಮ ಸಂಘ ನಿಲ್ಲಿಸಿದೆ. ಈ ಸೋಮವಾರದಿಂದ ದಿಣ್ಣೆ ಮೇಲಿನ ಬೋರ್‌ವೆಲ್ ಹೊಲದ ಸೊಪ್ಪು ಮಾತ್ರ. ಕಟ್ಟಿಗೆ 5 ರೂಪಾಯಿ ಜಾಸ್ತಿ, ಮನೆಗೆ ದಿನಕ್ಕೆ ಎರಡೇ ಕಟ್ಟು.

ಈ ಕೆರೆಗೆ ಬರುವುದು ವೃಷಭಾವತಿ ನೀರು. ಬೆಂಗಳೂರಿನ ಚರಂಡಿ, ಕಾರ್ಖಾನೆ ನೀರೆಲ್ಲ ಅದರಲ್ಲೇ. ಕಾಲುವೆಯಲ್ಲಿ ನೊರೆ ಎದ್ದಿರುತ್ತದೆ. ಆದರೆ ಆ ನೀರಲ್ಲಿ ಗೊಬ್ಬರದ ಸತ್ವವೂ ಇರುತ್ತದೆ, ಅದಕ್ಕೇ ಎಲೆ ಅಗಲವಾಗಿ, ಕಡುಹಸಿರಾಗಿ ಬರುತ್ತಿತ್ತು. ನೀವು ಹೊಗಳಿದಾಗ ನಾವೂ ಬೀಗಿದ್ದೇವೆ. ಕಳೆದ ತಿಂಗಳು ಲ್ಯಾಬಿಗೆ ಕೊಟ್ಟೆವು. ಒಂದು ಕೆಜಿ ಸೊಪ್ಪಿನಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ 0.2 ಮಿಲಿಗ್ರಾಂ ದಾಟಬಾರದು. ನಮ್ಮ ಪಾಲಕ್ ದಾಟಿತ್ತು. ಬೇರಿನಿಂದ ಎಲೆಯೊಳಗೆ ಸೇರಿದ್ದು, ಉಪ್ಪುನೀರಲ್ಲಿ ತೊಳೆದರೂ ಹೋಗುವುದಿಲ್ಲ. ಮೊದಲೇ ಪರೀಕ್ಷೆ ಮಾಡಿಸಬೇಕಿತ್ತು, ಮಾಡಿಸಲಿಲ್ಲ. ನಮ್ಮ ಮನೆಗಳಲ್ಲೂ ಅದೇ ಸೊಪ್ಪಿನ ಸಾರು.

ಮೇಲ್ಮಣ್ಣು ಕೆತ್ತಿಸಿ ಬೇರೆ ಮಣ್ಣು ಹೊಡೆಸಿ ಅಂದವರಿದ್ದಾರೆ. ಕೆತ್ತಿದ್ದನ್ನು ಯಾರ ಹೊಲಕ್ಕೆ ಸುರಿಯೋದು? ಬಂಡೆ ಸವೆದು ಒಂದಿಂಚು ಮಣ್ಣಾಗಲು ನೂರಾರು ವರ್ಷ ಬೇಕು. ಇರುವುದನ್ನೇ ರಿಪೇರಿ ಮಾಡಬೇಕು, ಅಲ್ವಾ?

ಕ್ಯಾಡ್ಮಿಯಂ ಕೊಳೆತು ಹೋಗುವಂಥದ್ದಲ್ಲ. ಒಂದೋ ಗಿಡದ ಕೈಲಿ ಹೀರಿಸಿ ತೆಗೆಯಬೇಕು, ಇಲ್ಲಾ ಮಣ್ಣಲ್ಲೇ ಕಟ್ಟಿಹಾಕಬೇಕು. ಕಾಲುವೆ ಬದಿಯಲ್ಲಿ ಸಾಸಿವೆ ಹಾಕಿದ್ದೇವೆ, ಅದು ಹೀರುತ್ತದೆ. ಉಳಿದ ಕಡೆ ಸುಣ್ಣ, ಕಾಂಪೋಸ್ಟ್ ಹಾಕಿ ಚೆಂಡು ಹೂ ಇಟ್ಟಿದ್ದೇವೆ. ಸುಣ್ಣ ಬಿದ್ದರೆ ಮಣ್ಣಿನ ಹುಳಿ ಇಳಿದು ಲೋಹ ಬೇರಿಗೆ ಅಷ್ಟಾಗಿ ಸಿಗುವುದಿಲ್ಲ. ಎರಡನ್ನೂ ಒಂದೇ ಕಡೆ ಮಾಡಿದರೆ ಸಾಸಿವೆಗೆ ಹೀರಲು ಏನೂ ಸಿಗದು, ಅದಕ್ಕೇ ಹೊಲ ಭಾಗ ಮಾಡಿದ್ದು. ಈ ಸಾಸಿವೆಯನ್ನು ದನಕ್ಕೂ ಹಾಕುವಂತಿಲ್ಲ, ತಿಪ್ಪೆಗೂ ಹಾಕುವಂತಿಲ್ಲ. ಯಾರಾದರೂ ಅಗ್ಗದ ಸಾಸಿವೆ ಸೊಪ್ಪು ನಮ್ಮ ಹೊಲದ್ದು ಅಂತ ತಂದರೆ ಕೊಳ್ಳಬೇಡಿ. ಇದು ಒಂದೆರಡು ಬೆಳೆಗೆ ಮುಗಿಯುವ ಕೆಲಸವಲ್ಲ, ವರ್ಷಗಳೇ ಹಿಡಿಯುತ್ತವೆ.

ಬೋರ್ ನೀರನ್ನೂ ಮೇಲಿನ ಹೊಲದ ಸೊಪ್ಪನ್ನೂ ಪರೀಕ್ಷೆ ಮಾಡಿಸಿದ್ದೇವೆ. ಎರಡೂ ಮಿತಿಯೊಳಗಿವೆ. ಹಳೇ ವರದಿ, ಹೊಸ ವರದಿ ಎರಡನ್ನೂ ಅಂಗಡಿ ಗೋಡೆಗೆ ಅಂಟಿಸಿದ್ದೇವೆ. ತಿಂಗಳ ದುಡ್ಡು ಮುಂಗಡ ಕೊಟ್ಟವರು ಬೇಡವೆಂದರೆ ಚೀಟಿ ತನ್ನಿ, ಪೂರ್ತಿ ವಾಪಸ್ ಕೊಡುತ್ತೇವೆ. ಹಬ್ಬಕ್ಕೆ ಚೆಂಡು ಹೂ ಬೇಕಾದವರು ಈಗಲೇ ಹೆಸರು ಬರೆಸಿ.

ಇಂತಿ,
ಬೆಳೆಗಾರರ ಪರವಾಗಿ, ಸಂಘದ ಕಾರ್ಯದರ್ಶಿ