ಲೈಬ್ರರಿ ಯಾಕೆ ಬೇಕು ಅಂದವರಿಗೆ

ಎಲ್ಲರಿಗೂ ನಮಸ್ಕಾರ. "ಎಲ್ಲಾ ಮೊಬೈಲಲ್ಲೇ ಸಿಗುತ್ತೆ, ಲೈಬ್ರರಿ ಯಾಕೆ?" ಅಂತ ನಿನ್ನೆ ಗುಂಪಿನಲ್ಲಿ ಪ್ರಶ್ನೆ ಬಂತು. ಒಂದು ಬೆಳಿಗ್ಗೆ ಸುಮ್ನೆ ಹೋಗಿ ಕೂತು ನೋಡಿ. ಬೀಗ ತೆಗೆಯುವ ಮೊದಲೇ ಪೇಪರ್ ಓದೋಕೆ ಬಂದ ಅಜ್ಜ ಮೆಟ್ಟಿಲ ಮೇಲೆ ಕಾಯುತ್ತಿರುತ್ತಾರೆ. ಒಳಗೆ ಫ್ಯಾನ್ ಕೆಳಗಿನ ಮೇಜಿಗಾಗಿ ಪರೀಕ್ಷೆಗೆ ಓದುವ ಮಕ್ಕಳ ಪೈಪೋಟಿ. ಏನೂ ಕೊಳ್ಳದೆ ಇಡೀ ದಿನ ಕೂರಬಹುದಾದ ಜಾಗ ಬೇರೆ ಎಷ್ಟಿವೆ ಹೇಳಿ?

1995ರ ಜುಲೈನಲ್ಲಿ ಶಿಕಾಗೋದಲ್ಲಿ ವಿಪರೀತ ಸೆಕೆಗೆ 700ಕ್ಕೂ ಜಾಸ್ತಿ ಜನ ಸತ್ತರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ ಅದನ್ನು ಅಧ್ಯಯನ ಮಾಡಿದರು. ಒಂದೇ ಮಟ್ಟದ ಬಡತನವಿದ್ದ ಬಡಾವಣೆಗಳಲ್ಲೂ, ಜನ ಬೆರೆಯುವ ಜಾಗಗಳಿದ್ದ ಕಡೆ ಸಾವು ಕಡಿಮೆಯಿತ್ತು. ಲೈಬ್ರರಿಯೂ ಅಂಥದ್ದೇ ಜಾಗ. ಅಲ್ಲಿ ಆ ಅಜ್ಜ ಎರಡು ದಿನ ಕಾಣದಿದ್ದರೆ ಯಾರಾದರೂ ಹೋಗಿ ಬಾಗಿಲು ತಟ್ಟುತ್ತಾರೆ, ಅಲ್ವಾ?

ಕಾರ್ಡ್ ಇಲ್ಲದವರು ಈ ವಾರ ಮಾಡಿಸಿ. ಇರುವವರು ಹೋಗಿ ಬನ್ನಿ, ರಿಜಿಸ್ಟರಿನಲ್ಲಿ ಸಹಿ ಮರೆಯಬೇಡಿ.