ಭಾನುವಾರ ಚೆಸ್ ಬ್ಲಿಟ್ಜ್ ಫೈನಲ್, ಎಲ್ಲರೂ ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 8ಕ್ಕೆ ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ನಮ್ಮ ಚೆಸ್ ಗುಂಪಿನ ಮಹಿಳಾ ಬ್ಲಿಟ್ಜ್ (ಕೆಲವೇ ನಿಮಿಷಗಳ ವೇಗದ ಚೆಸ್) ಫೈನಲ್. ಫೈನಲ್ ಆಡುವ ಇಬ್ಬರೂ ಸೆಮಿಫೈನಲ್‌ನಲ್ಲಿ ಆಡಿದ ರೀತಿ ಇನ್ನೂ ನನ್ನ ಕಣ್ಣ ಮುಂದೆಯೇ ಇದೆ.

ಒಬ್ಬೊಬ್ಬರಿಗೆ 3 ನಿಮಿಷ, ಪ್ರತಿ ನಡೆಗೆ 2 ಸೆಕೆಂಡ್ ಸೇರುತ್ತದೆ. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ವಿಶ್ವ ಬ್ಲಿಟ್ಜ್‌ನಲ್ಲೂ ಇದೇ ಲೆಕ್ಕ. ಅಲ್ಲಿ ಮಹಿಳೆಯರಲ್ಲಿ ಚೀನಾದ ಜು ವೆಂಜುನ್ ಗೆದ್ದರು, ನಮ್ಮ ಆರ್. ವೈಶಾಲಿ ಕಂಚು ತಂದರು. ಎಷ್ಟು ಖುಷಿಯಾಗಿತ್ತು ಅಲ್ವಾ!

ನಿಯಮದ ಮಾತು. ಕಾಯಿ ನಡೆಸಿದ ಕೈಯಲ್ಲೇ ಗಡಿಯಾರ ಒತ್ತಬೇಕು. ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಕೂಡ ಒಂದೇ ಕೈಯಲ್ಲಿ: ಮೊದಲು ರಾಜ, ಆಮೇಲೆ ಆನೆ. ಕೊನೆಯ ಹತ್ತು ಸೆಕೆಂಡಿನಲ್ಲಿ ಇದು ಮರೆತೇಹೋಗುತ್ತದೆ. ಹೋದ ಸಲ ಇದಕ್ಕೇ ಜಗಳವಾಗಿ ಅಷ್ಟು ಚೆಂದದ ಆಟ ಕೆಟ್ಟಿತು. ನನಗೆ ತುಂಬಾ ಬೇಜಾರಾಯ್ತು.

ನೋಡುವವರು ದಯವಿಟ್ಟು "ಟೈಮ್ ಮುಗೀತು" ಅಂತ ಕೂಗಬೇಡಿ. ಅದನ್ನು ಆಡುವವರು, ಇಲ್ಲವೇ ತೀರ್ಪುಗಾರರು ಹೇಳಲಿ.

ಬೋರ್ಡ್ ನಾನು ತರುತ್ತೇನೆ. ಡಿಜಿಟಲ್ ಗಡಿಯಾರ ಒಂದೇ ಇದೆ, ಇನ್ನೊಂದು ಯಾರ ಹತ್ತಿರವಾದರೂ ಇದ್ದರೆ ಇಲ್ಲೇ ತಿಳಿಸಿ. ಮೆಟ್ರೊದಲ್ಲಿ ಬರುವವರು ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿಯಿರಿ.