ಕೊನೆಯ ದಿನ ನೀರಿಗಿಳಿಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಲಕ್ಷದ್ವೀಪದ ಡೈವಿಂಗ್ ಬಗ್ಗೆ ಬಂದ ಬರಹ ಓದಿದೆ. ಫೋಟೊಗಳಂತೂ ಚೆನ್ನಾಗಿದ್ದವು. ಅದನ್ನು ನೋಡಿ ನನ್ನ ತಂಗಿ ಬೆಳಿಗ್ಗೆ ಏಳು ಗಂಟೆಗೇ ಫೋನ್ ಮಾಡಿದಳು. ಆದರೆ ಬರಹದ ಕೊನೆಗೆ 'ಐದು ದಿನದ ಪ್ರವಾಸ ಹೀಗಿರಲಿ' ಎಂದು ಒಂದು ಚೌಕ ಕೊಟ್ಟಿದ್ದೀರಿ. ಅದರಲ್ಲಿ ಐದನೇ ದಿನ ಬೆಳಿಗ್ಗೆ ಬಂಗಾರಂನಲ್ಲಿ ಕೊನೆಯ ಡೈವ್, ಮಧ್ಯಾಹ್ನ ಅಗತ್ತಿಯಿಂದ ವಿಮಾನ ಎಂದಿದೆ. ಡೈವ್ ಮಾಡಿದ ದಿನವೇ ವಿಮಾನದಲ್ಲೋ ಘಾಟಿಯಲ್ಲೋ ಎತ್ತರಕ್ಕೆ ಏರುವುದು ಅಪಾಯ. ಆ ಒಂದು ಸಾಲಿಗಾಗಿ ಈ ಪತ್ರ.

ನಾನು ಹಾಸನದಲ್ಲಿ ಅಂಚೆ ಕಚೇರಿಯ ಉಳಿತಾಯ ಖಾತೆಯ ಕೌಂಟರಿನಲ್ಲಿ ಕೂರುವವಳು. ವಯಸ್ಸು ನಲವತ್ತಾರು. ನಲವತ್ತಕ್ಕೆ ಈಜು ಕಲಿತೆ, ನಲವತ್ತಮೂರಕ್ಕೆ ಡೈವಿಂಗ್. ಪಂಡಿತೆಯಲ್ಲ. ಆದರೆ ಇದೇ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ.

ಎರಡು ವರ್ಷದ ಹಿಂದೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆ. ಬೆಳಿಗ್ಗೆ ಎರಡು ಡೈವ್ ಆಯಿತು. ಎರಡನೆಯದರಲ್ಲಿ 16 ಮೀಟರ್ ಆಳಕ್ಕೆ ಇಳಿದಿದ್ದೆವು. ಮೇಲೆ ಬರುವಾಗ 5 ಮೀಟರಿನಲ್ಲಿ ಹಗ್ಗ ಹಿಡಿದು ಮೂರು ನಿಮಿಷ ನಿಂತೆವು. ನಿಯಮದ ಪ್ರಕಾರ ಎಲ್ಲ ಸರಿಯಿತ್ತು. ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿ, ಮಾರನೇ ದಿನ ಡ್ಯೂಟಿ ಇದೆಯಲ್ಲ ಎಂದು ಸಂಜೆಯೇ ಬಸ್ ಹತ್ತಿದೆ. ಮಂಗಳೂರು ದಾಟಿ ಬಸ್ಸು ಶಿರಾಡಿ ಘಾಟಿ ಏರತೊಡಗಿತು. ಪಕ್ಕದ ಸೀಟಿನ ಹುಡುಗನ ಕೈಯಲ್ಲಿ ಒಡೆಯದ ಚಿಪ್ಸ್ ಪ್ಯಾಕೆಟ್ ಇತ್ತು. ಸಕಲೇಶಪುರ ಬರುವ ಹೊತ್ತಿಗೆ ಅದು ಬಲೂನಿನ ಹಾಗೆ ಉಬ್ಬಿತ್ತು. ನಾನೂ ನೋಡಿ ನಕ್ಕೆ. ಅಷ್ಟರಲ್ಲಿ ನನ್ನ ಎಡ ಭುಜ ಒಳಗೊಳಗೇ ನೋಯತೊಡಗಿತ್ತು, ಎರಡು ಬೆರಳು ಜೋಮು ಹಿಡಿದ ಹಾಗಿತ್ತು. ಚೀಲ ಹೊತ್ತಿದ್ದಕ್ಕೆ ಇರಬೇಕು ಅಂದುಕೊಂಡು ಮನೆಗೆ ಬಂದು ನೋವಿನೆಣ್ಣೆ ಹಚ್ಚಿ ಮಲಗಿದೆ. ಎರಡು ದಿನಕ್ಕೆ ಹೋಯಿತು. ಆಮೇಲೊಮ್ಮೆ ಪರಿಚಯದ ಡಾಕ್ಟರಿಗೆ ಹೇಳಿದಾಗ ಅವರು ನಗಲಿಲ್ಲ. "ಡೈವಿಂಗಿನಿಂದಲೇ ಆದದ್ದು ಅಂತ ಈಗ ಹೇಳೋಕಾಗಲ್ಲ, ಅಲ್ಲ ಅಂತಲೂ ಹೇಳೋಕಾಗಲ್ಲ" ಎಂದರು.

ಆ ಹುಡುಗನ ಚಿಪ್ಸ್ ಪ್ಯಾಕೆಟ್ಟಿಗೆ ಆದದ್ದೇ ವಿಷಯ. ನಾವು ಉಸಿರಾಡುವ ಗಾಳಿಯಲ್ಲಿ 100ಕ್ಕೆ 78 ಪಾಲು ನೈಟ್ರೋಜನ್. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು, 20 ಮೀಟರಿಗೆ ಮೂರು ಪಟ್ಟು. ಆ ಒತ್ತಡಕ್ಕೆ ನೈಟ್ರೋಜನ್ ರಕ್ತದಲ್ಲೂ ಮಾಂಸಖಂಡದಲ್ಲೂ ಕರಗಿ ಕೂರುತ್ತದೆ. ಮೇಲೆ ಬಂದ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ಉಸಿರಿನ ಜೊತೆ ಹೊರಗೆ ಹೋಗಬೇಕು. ಅದು ಹೋಗುವ ಮೊದಲೇ ನಾವು ಎತ್ತರಕ್ಕೆ ಏರಿದರೆ ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ. ಗುಳ್ಳೆ ಏಳುವುದು ಮಾತ್ರ ನಮ್ಮ ಮೈಯೊಳಗೆ. ಕೀಲು ನೋವು, ಚರ್ಮದ ತುರಿಕೆ, ಜೋಮು, ವಿಪರೀತ ಸುಸ್ತು ಕಾಣಿಸುತ್ತವೆ. ಜೋರಾದರೆ ಕೈಕಾಲಿನ ಶಕ್ತಿಯೇ ಹೋಗಬಹುದು.

ವಿಮಾನದೊಳಗಿನ ಗಾಳಿ ನೆಲದ ಗಾಳಿಯಂತಲ್ಲ. 1800ರಿಂದ 2400 ಮೀಟರ್ ಎತ್ತರದಲ್ಲಿ ಎಷ್ಟು ತೆಳುವೋ ಅಷ್ಟು ತೆಳು ಇರಬಹುದು. ಮುಳ್ಳಯ್ಯನಗಿರಿಯ ತುದಿ 1900 ಮೀಟರಿಗೆ ಸ್ವಲ್ಪ ಜಾಸ್ತಿ, ಲೆಕ್ಕ ಹಾಕಿಕೊಳ್ಳಿ. ಅದಕ್ಕೇ ಡೈವರ್‌ಗಳ ಸುರಕ್ಷತೆಗೆಂದೇ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆಯವರು ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಎರಡು ಮೂರು ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಿ ಎನ್ನುತ್ತಾರೆ. ನನಗೆ ಕಲಿಸಿದವರು 24 ಎಂದೇ ಹೇಳಿದ್ದರು. ಬೆಟ್ಟ ಹತ್ತುವುದಕ್ಕೂ ಇದೇ ಮಾತು ಎಂಬುದು ಅವರ ಪಾಠದಲ್ಲಿತ್ತು. ಹಾಸನ 900 ಮೀಟರಿಗೂ ಮೇಲಿದೆ ಎಂಬುದು ಮಾತ್ರ ಆವತ್ತು ನನ್ನ ತಲೆಗೆ ಬರಲಿಲ್ಲ!

ನೇತ್ರಾಣಿಯಲ್ಲಿ ಹೆಚ್ಚುಕಡಿಮೆಯಾದರೆ ದೋಣಿಯಲ್ಲಿ ಮುರುಡೇಶ್ವರದ ದಡ ಸೇರಿದರಾಯಿತು, ಅಲ್ಲಿ ಕಾರಿದೆ, ರಸ್ತೆಯಿದೆ. ಲಕ್ಷದ್ವೀಪದ ಮಾತು ಬೇರೆ. ಈ ತೊಂದರೆಗೆ ಚಿಕಿತ್ಸೆ ಎಂದರೆ ಒತ್ತಡದ ಕೋಣೆಯಲ್ಲಿ ಮಲಗಿಸಿ ಆಮ್ಲಜನಕ ಕೊಡುವುದು. ಮೂರು ಚದರ ಕಿಲೋಮೀಟರಿನ ದ್ವೀಪದ ಆಸ್ಪತ್ರೆಯಲ್ಲಿ ಅದನ್ನು ನಂಬಿಕೊಂಡು ಹೋಗುವಂತಿಲ್ಲ, ಸಮುದ್ರ ದಾಟಬೇಕು. ಕರೆದೊಯ್ಯಲು ಬರುವ ಹೆಲಿಕಾಪ್ಟರ್ ಕೂಡ ಮೇಲಕ್ಕೇ ಏರಬೇಕು, ಅಲ್ವಾ?

ಈಗ ನಾನು, ತಂಗಿ, ಅವಳ ಗಂಡ ಮೂವರೂ ಬರುವ ಫೆಬ್ರವರಿಗೆ ಲಕ್ಷದ್ವೀಪದ ಕಡಮತ್ ದ್ವೀಪಕ್ಕೆ ಹೊರಟಿದ್ದೇವೆ. ಮೊದಲು ಒಬ್ಬ ಏಜೆಂಟರನ್ನು ಕೇಳಿದೆವು. ಅವರು ಕಳಿಸಿದ ಹಾಳೆಯಲ್ಲೂ ನಿಮ್ಮ ಚೌಕದ ಹಾಗೆಯೇ ಕೊನೆಯ ಬೆಳಿಗ್ಗೆ ಡೈವ್. ಫೋನ್ ಮಾಡಿ ಕೇಳಿದರೆ, "ದುಡ್ಡು ಕೊಟ್ಟು ಹೋಗಿ ಒಂದು ದಿನ ಸುಮ್ನೆ ಕೂರ್ತೀರಾ ಮೇಡಂ?" ಅಂದರು. ಹೌದು, ಕೂರ್ತೇವೆ ಅಂದೆ. ಅಲ್ಲಿಗೆ ಆ ಮಾತು ಮುಗಿಯಿತು.

ಆಮೇಲೆ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಬರೆದೆವು. ಹೋಗುವಾಗ ಕೊಚ್ಚಿಯಿಂದ ಅಗತ್ತಿಗೆ ವಿಮಾನ, ಅಲ್ಲಿಂದ ಕಡಮತ್‌ಗೆ ಸಮುದ್ರದ ದಾರಿ. ಕಡಲು ಎದ್ದರೆ ಆ ದೋಣಿ ಹೊರಡುವುದಿಲ್ಲ, ಹಾಗಾಗಿ ಅಲ್ಲೊಂದು ದಿನ ಖಾಲಿ ಬಿಟ್ಟಿದ್ದೇವೆ. ಮೂರು ದಿನ ಡೈವ್. ವಾಪಸು ಬರುವುದು ಹಡಗಿನಲ್ಲಿ. ಹಡಗು ಸಮುದ್ರದ ಮಟ್ಟದಲ್ಲೇ ಹೋಗುತ್ತದೆ, ಬೆಟ್ಟ ಹತ್ತುವುದಿಲ್ಲ. ಕೊಚ್ಚಿಯಿಂದ ರೈಲಿನಲ್ಲಿ ಕರಾವಳಿ ಹಿಡಿದು ಮಂಗಳೂರಿಗೆ ಬಂದು, ತವರಲ್ಲಿ ಒಂದು ರಾತ್ರಿ ಮಲಗಿ, ಆಮೇಲೆ ಶಿರಾಡಿ. ಅಮ್ಮನಿಗೆ ಈ ನೈಟ್ರೋಜನ್ ಲೆಕ್ಕ ಬಹಳ ಹಿಡಿಸಿದೆ.

ಇನ್ನೊಂದು ವಿಷಯ ನಿಮ್ಮ ಬರಹದಲ್ಲಿ ಬಿಟ್ಟುಹೋಗಿದೆ. ಲಕ್ಷದ್ವೀಪಕ್ಕೆ ನಮಗೂ ಪ್ರವೇಶ ಪರವಾನಗಿ ಬೇಕು. 1967ರ ನಿಯಮ ಅದು. ಅದಕ್ಕೆ ಪೊಲೀಸ್ ಠಾಣೆಯ ಪ್ರಮಾಣಪತ್ರವನ್ನೂ ಕೇಳುತ್ತಾರೆ, ಆದ್ದರಿಂದ ಮೊದಲೇ ಅರ್ಜಿ ಹಾಕಿಕೊಳ್ಳಬೇಕು. ನಮ್ಮ ಠಾಣೆಯಲ್ಲಿ ರೈಟರ್ ಫಾರಂ ತಿರುಗಿಸಿ ಮುರುಗಿಸಿ ನೋಡಿ, "ಪಾಸ್‌ಪೋರ್ಟ್ ಬೇಡ್ವಾ ಮೇಡಂ?" ಎಂದು ಕೇಳಿದರು. ಕಡಮತ್, ಅಮಿನಿ, ಕಿಲ್ತಾನ್, ಚೆತ್ಲತ್, ಬಿತ್ರ ಎಲ್ಲ 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಸಾರ್ ಎಂದೆ. ನಂಬಲಿಲ್ಲ ಅನಿಸುತ್ತದೆ, ಆದರೂ ಸೀಲು ಹಾಕಿದರು. ನನ್ನ ಅಜ್ಜನಿಗೆ ಮಂಗಳೂರು ಬಂದರಿನ ಹತ್ತಿರ ಅಕ್ಕಿ ಅಂಗಡಿ ಇತ್ತು. ದ್ವೀಪದವರು ಮಂಜಿ ಎಂಬ ದೊಡ್ಡ ದೋಣಿಯಲ್ಲಿ ತೆಂಗಿನ ನಾರಿನ ಹಗ್ಗ, ಒಣ ಮೀನು ತಂದು ಅಕ್ಕಿ ಒಯ್ಯುತ್ತಿದ್ದರಂತೆ. ಸರಕಿನ ಮಂಜಿ ಈಗಲೂ ಹಳೆ ಬಂದರಿನಿಂದ ಹೊರಡುತ್ತದೆ. ಆದರೆ ದ್ವೀಪಕ್ಕೆ ಹಡಗಿನಲ್ಲಿ ಹೋಗಲು ಮಂಗಳೂರಿನವರು ಕೊಚ್ಚಿ ಸುತ್ತಬೇಕು. ಆ ದೂರು ಇನ್ನೊಂದು ಪತ್ರಕ್ಕಿರಲಿ.

ಚೌಕ ಕತ್ತರಿಸಿ ಇಟ್ಟುಕೊಂಡವರು ಎಷ್ಟು ಮಂದಿಯೋ. ನಮ್ಮ ಕಚೇರಿಯಲ್ಲೇ ಒಬ್ಬ ಹುಡುಗ ಅದನ್ನು ಮೇಜಿನ ಗಾಜಿನಡಿ ಇಟ್ಟಿದ್ದಾನೆ. ಬರುವ ಭಾನುವಾರ ಅದೇ ಪುಟದಲ್ಲಿ, ಕಣ್ಣಿಗೆ ಬೀಳುವ ಕಡೆ, 'ಐದನೇ ದಿನ ಡೈವ್ ಬೇಡ' ಎಂದು ಒಂದು ಸಾಲು ಹಾಕಿ. ಅವನ ಗಾಜಿನಡಿಗೆ ಅದನ್ನೂ ನಾನೇ ಸೇರಿಸುತ್ತೇನೆ.

ಇತಿ,
ನಿಮ್ಮ ಹಳೆಯ ಓದುಗಿ
ಹಾಸನ